ಹಾಲು ಮೂಸಿ ನೋಡುವ ನಂಬಿಕೆ

ಅಣ್ಣನ ಎಡ ಅಂಗೈಯಲ್ಲಿ ಪುಸ್ತಕದ ಬೆನ್ನು ಒತ್ತಿದ ಕೆಂಪು ಗೆರೆ ಯಾವಾಗಲೂ ಇರುತ್ತಿತ್ತು. ಉಮರ್ಗಾದ ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತು ಗಿರಾಕಿ ಬರುವತನಕ ಓದುತ್ತಿದ್ದ. ಬಂದ ಮೇಲೂ ಆ ಸಾಲು ಮುಗಿಸಿಯೇ ಏಳುತ್ತಿದ್ದ.

“ಸಾವ್ಕಾರ್ರ, ದೇವರು ಸಿಕ್ಕ ಮ್ಯಾಲ ಧೋತರ ತೋರಸ್ತೀರೇನು?” ಎಂದು ಪಕ್ಕದ ಊರು ತುರೋರಿಯ ಗಿರಾಕಿಯೊಬ್ಬರು ಕೆಣಕುತ್ತಿದ್ದರು.

“ಧೋತರ ಲಗೂ ಸಿಗ್ತದ್ರೀ, ಕೂಡ್ರಿ” ಎನ್ನುತ್ತಿದ್ದ ಅಣ್ಣ.

ಅವನು ಓದುತ್ತಿದ್ದುದು ಕ್ರೈಸ್ತ ತತ್ತ್ವಶಾಸ್ತ್ರ. ಕಾಲೇಜಿನಲ್ಲಿ ಅವನಿಗೆ ಪಾಠ ಹೇಳಿದ್ದ, ಉದಗೀರದ ಕ್ರೈಸ್ತ ಗುರುಗಳೊಬ್ಬರು ಮರಾಠಿ, ಇಂಗ್ಲಿಷ್ ಪುಸ್ತಕ ಕೊಟ್ಟು ಕಳಿಸುತ್ತಿದ್ದರು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಅಣ್ಣನೂ ದಿನಾ ಬೆಳಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡುತ್ತಿದ್ದ. ನೀರು, ಪತ್ರಿ ಇಡುವುದು ನನ್ನ ಕೆಲಸ. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಆದರೂ ಅಣ್ಣ ಓದಿದ್ದನ್ನೆಲ್ಲ ನನಗೇ ಹೇಳುತ್ತಿದ್ದ. ಮನೆಯಲ್ಲಿ ಬೇರೆ ಯಾರೂ ಕೇಳುತ್ತಿರಲಿಲ್ಲ.

“ನಮಗ ನಮ್ಮ ದೇವರಿಲ್ಲೇನು? ಅವರ ಪುಸ್ತಕ ಯಾಕ ಓದ್ತಿ?” ಎಂದು ಒಮ್ಮೆ ಕೇಳಿದೆ.

“ಅವ್ವನ ಮ್ಯಾಲ ನಂಬಿಕಿ ಅದ ಇಲ್ಲ ನಿಂಗ? ಆದ್ರೂ ಬ್ಯಾಸಗ್ಯಾಗ ಆಕಿ ಕೊಟ್ಟ ಹಾಲು ಮೂಸಿ ನೋಡ್ತಿ. ಅವ್ವಗ ಅಪಮಾನ ಆಯ್ತೇನು? ನಂಬೂದು, ಬುದ್ಧಿಲಿಂದ ಕೇಳೂದು, ಎರಡೂ ಒಂದೇ ಎದಿಯಾಗ ಹೆಂಗ ಇರ್ತಾವ ಅಂತ ಇವರು ಭಾಳ ತಲಿ ಕೆಡಸ್ಕೊಂಡಾರ. ನಂಗೂ ಅದೇ ಬೇಕಾಗ್ಯಾದ.”

ಹಾಗೆಂದು ಎಲ್ಲವನ್ನೂ ಒಪ್ಪುತ್ತಿರಲಿಲ್ಲ. “ಇಲ್ಲಿ ಈ ಮನಷ್ಯಾ ತಪ್ಪಸ್ಕೊಂಡು ಹೋಗ್ಯಾನ ನೋಡು” ಎಂದು ಪುಟಕ್ಕೆ ಬೆರಳು ಕುಟ್ಟುತ್ತಿದ್ದ.

ಒಂದು ಬೆಳಗ್ಗೆ ಅಪ್ಪನ ತಮ್ಮ ಕಾಕಾ ಬಂದಾಗ ಅಣ್ಣ ಪೂಜೆ ಮುಗಿಸಿ, ಲಿಂಗ ಕಟ್ಟಿಕೊಂಡು, ಅದೇ ಮಣೆಯ ಮೇಲೆ ಓದುತ್ತಿದ್ದ. ಹಣೆಯಲ್ಲಿ ವಿಭೂತಿ, ಎಡ ಅಂಗೈಯಲ್ಲಿ ಪುಸ್ತಕ, ಅಲುಗದ ಕಣ್ಣು. “ಲಿಂಗ ಇಡೂ ಕೈಯಾಗ ಅವರ ಗ್ರಂಥ ಇಟ್ಟು ಪೂಜಿ ಮಾಡ್ಲತ್ತಾನ” ಎಂದು ಕಾಕಾ ಪೇಟೆಯೆಲ್ಲ ಹೇಳಿದ.

ಅದೇ ದಿನಗಳಲ್ಲಿ ಔರಾದ ಶಹಾಜನಿ ಊರಿನಿಂದ ಗಂಡಿನವರು ನನ್ನನ್ನು ನೋಡಲು ಬಂದರು. ಅತ್ತೆಯಾಗಬೇಕಾದವರು ನನ್ನನ್ನೇ ಕೇಳಿದರು: “ನೀ ಮನ್ಯಾಗಿರಾಕಿ. ನಿಮ್ಮಣ್ಣ ಲಿಂಗಪೂಜಿ ಮಾಡ್ತಾನೋ, ಬಿಟ್ಟಾನೋ?”

ಆ ಬೆಳಗ್ಗೆಯೂ ನೀರಿಟ್ಟವಳು ನಾನೇ. ಮಾಡುತ್ತಾನೆ ಎಂದರೆ ಪುಸ್ತಕದ ಮಾತು ಬರುತ್ತಿತ್ತು, ಅವನ ಪರವಾಗಿ ನಿಲ್ಲಬೇಕಾಗುತ್ತಿತ್ತು. ಸಂಬಂಧ ತಪ್ಪೀತೆಂದು ಹೆದರಿದೆ. “ನಂಗ ಗೊತ್ತಿಲ್ರೀ” ಎಂದೆ.

ಅಣ್ಣ ಚಹಾದ ಕಪ್ಪುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಬಂದು ಎಲ್ಲರಿಗೂ ಕೊಟ್ಟ. “ಸಕ್ರಿ ಕಮ್ಮಿ ಇದ್ರ ಹೇಳ್ರಿ” ಎಂದ, ಅಷ್ಟೇ.

ತಂಗಿಗೇ ಗೊತ್ತಿಲ್ಲವೆಂದ ಮೇಲೆ ಕಾಕಾನ ಮಾತೇ ನಿಜವಾಯಿತು. ಅಣ್ಣನನ್ನು ಮನೆಯಿಂದ ದೂರ ಇಡುವುದಾದರೆ ಸಂಬಂಧ ಆಗಲಿ ಎಂದರು ಗಂಡಿನವರು. ಅಪ್ಪ ಒಪ್ಪಿದ. ಅಣ್ಣ ಉದಗೀರದಲ್ಲಿ ಕೋಣೆ ಹಿಡಿದು ಟ್ಯೂಷನ್ ಹೇಳತೊಡಗಿದ. ನನ್ನ ಮದುವೆಗೆ ಬರಲಿಲ್ಲ, ಯಾರೂ ಕರೆದಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಫೋನಿನಲ್ಲಿ ಮಾತು ಮತ್ತೆ ಶುರುವಾಯಿತು. ಒಮ್ಮೆ ಧೈರ್ಯ ಮಾಡಿ, “ಅಣ್ಣಾ, ಅವತ್ತ ನಾ ಹಂಗ ಅಂದದ್ದು ನಸೀಬದಾಗೇ ಬರದಿತ್ತೇನೋ” ಎಂದೆ.

“ದೇವರಿಗಿ ಮೊದಲೇ ಗೊತ್ತಿರಬಹುದು, ತಂಗಿ. ಆದ್ರ ನೋಡಾಂವ ನೂಕಾಂವ ಅಲ್ಲ. ಅಂದಾಕಿ ನೀನೇ.” ಆಮೇಲೆ ನಕ್ಕ. “ಇದರ ಮ್ಯಾಲೇ ಒಂದು ದಪ್ಪ ಪುಸ್ತಕ ಅದ. ಬಾ ಒಮ್ಮೆ, ಓದಿ ಹೇಳ್ತೀನಿ. ಇಲ್ಲಿ ಕೇಳಾವರೇ ಇಲ್ಲ.”

ಬರುತ್ತೇನೆ ಎಂದೆ. ಅತ್ತೆ ಏನೆನ್ನುವರೋ ಎಂದು ಹೋಗಲಿಲ್ಲ. ಅತ್ತೆ ತೀರಿಕೊಂಡ ಮೇಲೆ, ಮುಖ ತೋರಿಸಲಾಗದೆ ಹೋಗಲಿಲ್ಲ. ಕೊನೆಗೆ ಉದಗೀರಕ್ಕೆ ಹೋದದ್ದು ಅವನ ಮಣ್ಣಿಗೆ.

ಬಂದವರೆಲ್ಲ ಅವನ ನಸೀಬೇ ಅಷ್ಟು ಎಂದರು. ಅವನಿಂದ ಕಲಿತ ನನಗೆ ಹಾಗೆನ್ನಲು ಬರುವುದಿಲ್ಲ. ಆದರೆ ನನ್ನಲ್ಲೀಗ ಒಂದು ಪ್ರಶ್ನೆ ಇದೆ, ಅವನಿಗೆ ಹಿಡಿಸುವಂಥದು. ನೋಡಾಂವ ನೂಕಲಿಲ್ಲ, ಖರೆ. ತಡೀಲಿಲ್ಲ ಯಾಕ? ಬಾಗಲದಾಗ ನಿಂತು ನೀನೂ ಯಾಕ ಸುಮ್ಮನಿದ್ದಿ, ಅಣ್ಣಾ?

ಇದನ್ನು ಅವನನ್ನೇ ಕೇಳಿದ್ದರೆ, ಪುಸ್ತಕ ಮುಚ್ಚಿಟ್ಟು ನನ್ನ ಕಡೆ ತಿರುಗಿ ಕೂಡುತ್ತಿದ್ದ.