ದರ್ಜಿ ಮಾವನ ಬಿಸಿಲುಗೆರೆ

ನಮ್ಮ ಬೀದಿಯ ದರ್ಜಿ ಮಾವನಿಗೆ ಗಡಿಯಾರದ ಮೇಲೆ ನಂಬಿಕೆಯಿರಲಿಲ್ಲ, ಕ್ಯಾಲೆಂಡರಿನ ಮೇಲಂತೂ ಕೇಳಲೇಬೇಡಿ. ದಕ್ಷಿಣದ ಬಾಗಿಲಿನಿಂದ ಮಧ್ಯಾಹ್ನದ ಬಿಸಿಲು ಅಂಗಡಿಯೊಳಗೆ ಎಷ್ಟು ದೂರ ಬರುತ್ತದೆಂದು ವಾರಕ್ಕೊಮ್ಮೆ ಟೇಪು ಹಿಡಿದು ಅಳೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ನೆಲಕ್ಕೆ ಗೆರೆ ಎಳೆಯುತ್ತಿದ್ದ. ಚಳಿಗಾಲದಲ್ಲಿ ಬಿಸಿಲು ಹೊಲಿಗೆ ಯಂತ್ರದ ಕಾಲು ಮುಟ್ಟಿತೆಂದರೆ ಅದೇ ವರ್ಷದ ಅತಿ ಗಿಡ್ಡ ಹಗಲು. ಅಂಗಿ ಕೇಳಲು ಹೋದರೆ, "ಹಗಲೇ ಮೋಟಾಗಿದೆ, ನಾನೇನು ಮಾಡ್ಲಿ? ಬಿಸಿಲು ಹಿಂದೆ ಸರೀಲಿ, ಕೊಡ್ತೀನಿ" ಎನ್ನುತ್ತಿದ್ದ. ಬೇಸಿಗೆಯಲ್ಲಿ ಬಿಸಿಲು ಹೊಸಿಲಿಗೆ ಸರಿದು ಹಗಲು ಉದ್ದವಾಗುವಷ್ಟರಲ್ಲಿ ನಾವೂ ಉದ್ದವಾಗಿ, ಅಂಗಿ ತಮ್ಮಂದಿರ ಪಾಲಾಗುತ್ತಿತ್ತು. ಆದರೂ ಬೇರೆ ದರ್ಜಿಯ ಮೆಟ್ಟಿಲು ಯಾರೂ ಹತ್ತಲಿಲ್ಲ. ಅಂಗಡಿಯ ಕೊನೆಯ ವರ್ಷ ನಾನು ಹೋದಾಗ ಬಿಸಿಲು ಹೊಸಿಲಲ್ಲಿತ್ತು, ಬೀದಿಯೆಲ್ಲ ಕಣ್ಣು ಕುಕ್ಕುವ ಬೆಳಕು. ಮಾವ ಸೂಜಿಯನ್ನು ಮೂಗಿನ ಹತ್ತಿರ ಹಿಡಿದು, ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿಗೆ, "ಈ ವರ್ಷ ಯಾಕೋ ಹಗಲು ಬೆಳೀತಾನೇ ಇಲ್ಲ ಕಣೇ" ಎಂದ. ಅವಳು ನನ್ನ ಕಡೆ ಒಮ್ಮೆ ನೋಡಿ, "ಹೌದು, ಮೋಡ ಜಾಸ್ತಿ" ಎಂದು ಸೂಜಿ ಇಸಿದುಕೊಂಡು, ದಾರ ಪೋಣಿಸಿ ಅವನ ಕೈಗಿಟ್ಟಳು.