ಸ್ಟಾರ್ ಇರೋದನ್ನ ಖಾಲಿ ಬಿಡಂಗಿಲ್ಲ

‘ಕಂಪ್ಯೂಟರ್ ಕೇಳ್ತೈತೆ’ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಂಗಾರಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಆನ್‌ಲೈನ್ ಸೆಂಟರಿನಲ್ಲಿ ನನ್ನ ಕೆಲಸ. ಊರವರ ಅರ್ಜಿ ತುಂಬುವವಳು ನಾನು. ಕ್ಯಾಸಂಬಳ್ಳಿ ಕಡೆಯ ರೈತರು, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಅಲೆಯುವ ತಾಯಂದಿರು, ಪಿಂಚಣಿಯ ಮುದುಕರು, ಎಲ್ಲರೂ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಎದ್ದವರೇ. ಅರ್ಜಿಯಲ್ಲಿ ಕೆಂಪು ಸ್ಟಾರ್ ಇರುವ ಖಾನೆಯನ್ನು ಖಾಲಿ ಬಿಡುವಂತಿಲ್ಲ. ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಅಡ್ಡಹೆಸರೇ ಇಲ್ಲದ ನಮ್ಮ ಕಡೆಯವರಿಗೆ ಸರ್‌ನೇಮ್ ಕೊಡು ಅನ್ನುತ್ತದೆ. ಗಂಡ ಬಿಟ್ಟುಹೋದವಳಿಗೆ ಗಂಡನ ಹೆಸರು ಹೇಳು ಅನ್ನುತ್ತದೆ. ಯಾಕೆ ಅಂತ ಯಾರಾದರೂ ಕೇಳಿದರೆ ಅಂಗಡಿ ಮಾಲೀಕರು ಒಳಗಿಂದಲೇ ಕೂಗುತ್ತಿದ್ದರು, “ಕಂಪ್ಯೂಟರ್ ಕೇಳ್ತೈತೆ, ಏನಾರ ಒಂದ್ ಆಕಮ್ಮ!”

ಏನಾದರೊಂದು! ಇದ್ದದ್ದು ಇದ್ದ ಹಾಗೆ ಹೇಳಲು ಬಂದವರ ಬಾಯಲ್ಲಿ ಸುಳ್ಳು ಹೇಳಿಸುವುದು ಯಾವ ಊರಿನ ನ್ಯಾಯ?

ಒಂದು ದಿನ ಪ್ರಿಂಟ್ ತೆಗೆಸಲು ಧಾರವಾಡ ಕಡೆಯ ಅಕ್ಕ ಒಬ್ಬರು ಬಂದರು. ಅವರ ಗಂಡ ಕೆಜಿಎಫ್‌ನಲ್ಲಿ ಫ್ಯಾಕ್ಟರಿ ನೌಕರ, ಮನೆ ಅಲ್ಲೇ ಕ್ವಾರ್ಟರ್ಸಿನಲ್ಲಿ. ಮದುವೆಗೆ ಮುಂಚೆ ವೆಬ್ ಪೇಜು ಮಾಡುವ ಕೆಲಸದಲ್ಲಿದ್ದವರು. ಮಾಲೀಕರ ಕೂಗು ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

“ಕಂಪ್ಯೂಟರ್ ಪಾಪ ಏನ್ ಕೇಳತೈತ್ರಿ? ಯಾವನೋ ಒಬ್ಬಾಂವ ಕುಂತು ‘ರಿಕ್ವೈರ್ಡ್’ ಅಂತ ಒಂದ್ ಶಬ್ದ ಬರದಾನ. ಅದನ್ನ ಬರೀದಿದ್ರ ಅದು ಕೇಳಂಗೇ ಇಲ್ಲ.”

ಒಂದೇ ಒಂದು ಶಬ್ದ! ನನ್ನ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು. ಕೇಳಿದ್ದು ಮಿಷನ್ ಅಲ್ಲ, ಮನುಷ್ಯ. ಆ ಸಿಟ್ಟಿನಲ್ಲೇ ಅವರನ್ನು ಕೇಳಿದೆ, “ಅಕ್ಕಾ, ನಂಗೂ ಅದ್ನ ಏಳ್ಕೊಡ್ತೀರಾ?”

“ಭಾನುವಾರ ಬರ್ರಿ. ಚಾ ನಂದು, ತಲಿ ನಿಮ್ದು,” ಅಂದರು.

ನಾನಿರುವುದೂ ಕೆಜಿಎಫ್‌ನಲ್ಲೇ, ನಂದಿದುರ್ಗ ಗಣಿಯ ಕೂಲಿಗಳ ಹಳೇ ಲೈನ್ ಮನೆಯಲ್ಲಿ. ಭಾನುವಾರ ಮಧ್ಯಾಹ್ನ ಉಂಡು, ಪಾತ್ರೆ ತೊಳೆದು, ಕ್ವಾರ್ಟರ್ಸಿಗೆ ಹೋಗುತ್ತಿದ್ದೆ. ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲು ಬರೆದದ್ದು ಬರೀ ಒಂದು ಖಾನೆ. ಆಮೇಲೆ ಒಂದೊಂದೇ ಗುಟ್ಟು ಬಿಚ್ಚಿಕೊಂಡಿತು. ‘ಹೆಸರು’ ಅನ್ನುವ ಪದವನ್ನು ಲೇಬಲ್ ಮಾಡಿ ಖಾನೆಗೆ ಜೋಡಿಸಿದರೆ, ಕಣ್ಣು ಮಂಜಾದವರು ಪದದ ಮೇಲೆ ಬೆರಳಿಟ್ಟರೂ ಸಾಕು, ಖಾನೆಯಲ್ಲಿ ಬರೆಯಬಹುದು. ಫೋನ್ ನಂಬರಿನ ಖಾನೆ ಅಂತ ಮೊದಲೇ ಹೇಳಿಟ್ಟರೆ ಮೊಬೈಲಿನಲ್ಲಿ ಅಂಕಿಗಳೇ ತಾನಾಗಿ ಮೂಡುತ್ತವೆ. ತಾರೀಕು ಅಂದರೆ ಕ್ಯಾಲೆಂಡರ್ ಬಿಚ್ಚಿಕೊಳ್ಳುತ್ತದೆ. ತುಂಬಿದ್ದನ್ನು ಬ್ರೌಸರ್ ತನ್ನ ಹತ್ತಿರವೇ ಎತ್ತಿಟ್ಟುಕೊಳ್ಳುವ ಹಾಗೂ ಮಾಡಬಹುದು, ಕರೆಂಟ್ ಹೋಗಿ ಬಂದರೂ ಬರೆದದ್ದು ಬರೆದಂತೆ ಇರುತ್ತದೆ. ಅಯ್ಯೋ, ಇದೊಂದು ಇದ್ದಿದ್ದರೆ ನನ್ನ ಅರ್ಧ ಆಯುಸ್ಸು ಉಳಿಯುತ್ತಿತ್ತಲ್ಲ! ಇಷ್ಟೆಲ್ಲ ಅನುಕೂಲ ಕೈಯಲ್ಲಿಟ್ಟುಕೊಂಡು ಒಂದನ್ನೂ ಮಾಡದವರಿಗೆ ರಿಕ್ವೈರ್ಡ್ ಒಂದು ಮಾತ್ರ ಚೆನ್ನಾಗಿ ನೆನಪಿತ್ತು.

ಅಂಗಡಿಯಲ್ಲಿ ಹೀಗೆ ಹೇಳಿದ್ದಕ್ಕೆ ಮಾಲೀಕರು ಚುಚ್ಚಿದರು, “ಕುಣಿಯಕ್ ಬರ್ದೋಳು ನೆಲ ಡೊಂಕು ಅಂದ್ಳಂತೆ.”

“ನೆಲಾನೇ ಡೊಂಕು ಸಾರ್,” ಅಂದೆ. “ನಾನ್ ಕುಣೀತಾನೇ ಇದೀನಲ್ಲ ಇಷ್ಟ್ ದಿನದಿಂದ.”

ಬ್ರೌಸರಿನಲ್ಲಿ ಯಾವ ಪೇಜನ್ನಾದರೂ ಬಿಚ್ಚಿ ಒಳಗಿನ ಬರಹ ನೋಡಬಹುದು, ತಿದ್ದಲೂಬಹುದು ಅಂತ ಅಕ್ಕ ತೋರಿಸಿದ ದಿನ ನಾನು ಕುರ್ಚಿಯಿಂದ ಎದ್ದೇ ನಿಂತಿದ್ದೆ. ಅವರು ಭುಜ ಒತ್ತಿ ಕೂರಿಸಿದರು. “ಭಾಳ ಖುಷಿ ಪಡಬ್ಯಾಡ್ರಿ. ಇಲ್ಲಿ ಅಳಿಸಿದ್ರ ನಿಮ್ಮ ಪಾಟಿ ಅಳಿಸಿದಂಗ. ಪೇಜ್ ಮಾಡಿದವರ ಪಾಟಿ ಅವರ ಹತ್ರನ ಇರತೈತಿ.” ಪಾಟಿ ಅಂದರೆ ಸ್ಲೇಟು ಅಂತ ಗೊತ್ತಾಯಿತು, ಮಾತು ಮಾತ್ರ ಅವತ್ತು ನನ್ನ ತಲೆಗೆ ಹೋಗಲಿಲ್ಲ.

ಹೋದದ್ದು ಮಗಳ ಅರ್ಜಿಯ ದಿನ. ಪಿಯುಸಿ ಮುಗಿಸಿದ ಅವಳಿಗೆ ಲ್ಯಾಬ್ ಟೆಕ್ನಿಶಿಯನ್ ಕೋರ್ಸ್ ಸೇರುವ ಆಸೆ. ಬಂಗಾರಪೇಟೆಯ ಒಂದು ಖಾಸಗಿ ಕಾಲೇಜಿನಲ್ಲಿತ್ತು. ಅವತ್ತೇ ಕಡೇ ದಿನ, ಸಂಜೆಗೆ ಅರ್ಜಿ ಮುಚ್ಚುತ್ತಿತ್ತು. ಮಿಕ್ಕಿದ್ದೆಲ್ಲ ತುಂಬಿ ಕೆಳಗೆ ಬಂದರೆ ಸಾಲಾಗಿ ಮೂರು ಕೆಂಪು ಸ್ಟಾರು: ತಂದೆಯ ಹೆಸರು, ತಂದೆಯ ಉದ್ಯೋಗ, ತಂದೆಯ ಮೊಬೈಲ್. ಆ ಮೊಬೈಲಿಗೆ ಒಟಿಪಿ ಬೇರೆ ಬರುತ್ತದೆಯಂತೆ. ತಾಯಿಗೆ ಒಂದು ಖಾನೆಯೂ ಇರಲಿಲ್ಲ.

ಅವಳಪ್ಪ ಅವಳು ಅಂಗನವಾಡಿಗೆ ಹೋಗುತ್ತಿದ್ದಾಗಲೇ ರಾಜ್ಯದ ಗಡಿ ದಾಟಿ ಹೋಗಿ ಇನ್ನೊಂದು ಸಂಸಾರ ಹೂಡಿದವನು. ಆಮೇಲೆ ಬದುಕಿದ್ದೀರಾ ಸತ್ತಿದ್ದೀರಾ ಅಂತ ಒಂದು ಫೋನು ಮಾಡಿದವನಲ್ಲ. ಹೆಸರೇನೋ ಗೊತ್ತು. ಉದ್ಯೋಗ, ಮೊಬೈಲು ಯಾರಿಗೆ ಗೊತ್ತು? ಗೊತ್ತಿದ್ದರೂ ನಾನು ಬರೆಯುತ್ತಿರಲಿಲ್ಲ.

ಕಾಲೇಜಿಗೆ ಓಡಿದೆ. ಆಫೀಸಿನವರು ತಲೆ ಎತ್ತದೆ ಹೇಳಿದರು, “ಯಾರಾರ ಗಂಡಸ್ರ ನಂಬರ್ ಆಕಮ್ಮ. ಅಣ್ಣಂದೋ ತಮ್ಮಂದೋ.”

“ಅವ್ರು ಅವಳಪ್ಪ ಅಲ್ವಲ್ಲ ಸಾರ್.”

“ನಾನೇನ್ ಮಾಡ್ಲಿ? ಕಂಪ್ಯೂಟರ್ ಕೇಳ್ತೈತೆ.”

“ಕಂಪ್ಯೂಟರ್ ಕೇಳಲ್ಲ ಸಾರ್, ನೀವ್ ಕೇಳ್ತಿರೋದು. ಯಾರೋ ಬರ್ದಿರೋದು ಅದು. ಬರ್ದೋರ್ಗೆ ಏಳಿ, ತೆಗೀಲಿ.”

ಅವರು ಕೈ ಮುಗಿದು, “ಓಗಮ್ಮ ತಾಯಿ, ನಿಂಗೊಂದ್ ದೊಡ್ ನಮಸ್ಕಾರ,” ಅಂದರು.

ಅಂಗಡಿಗೆ ವಾಪಸು ಬಂದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪೇಜು ಬಿಚ್ಚಿದೆ. ಅಕ್ಕ ಹೇಳಿದ ಹಾಗೇ ಆ ಶಬ್ದ ಮೂರೂ ಕಡೆ ಕೂತಿತ್ತು. ಮೂರೂ ಕಡೆ ಅಳಿಸಿ ಗುಂಡಿ ಒತ್ತಿದೆ. ಅರ್ಜಿ ಹೋಯಿತು! “ನೋಡ್ದಾ!” ಅಂತ ಮಗಳ ಬೆನ್ನಿಗೊಂದು ಗುದ್ದಿದೆ. ಅಷ್ಟರಲ್ಲಿ ಪೇಜು ಮತ್ತೆ ಬಂತು: ‘ತಂದೆಯ ವಿವರ ಅಪೂರ್ಣ.’ ನಾನು ಅಳಿಸಿದ್ದು ನನ್ನ ಪಾಟಿ. ಅವರ ಪಾಟಿಯ ಮೇಲೆ ಎಲ್ಲವೂ ಹಾಗೇ ಇತ್ತು.

“ಅಮ್ಮಾ, ಮಾವನ ನಂಬರ್ ಆಕ್ಬಿಡು,” ಅಂದಳು ಮಗಳು.

“ಆಕಲ್ಲ.”

“ಹೊತ್ತಾಯ್ತದೆ.”

“ಆಗ್ಲಿ. ಸುಳ್ಳು ಬರ್ಯಲ್ಲ ನಾನು.”

“ನಿನ್ ಹಟಕ್ಕೆ ನನ್ ಸೀಟ್ ಓಗ್ಬೇಕಾ?” ಅಂತ ಕಿರುಚಿದಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಅವಳು ಹೇಳಿದ್ದು ತಪ್ಪಾಗಿರಲಿಲ್ಲ. ಸ್ವಾಭಿಮಾನ ನಂದು, ಸೀಟು ಅವಳದು. ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ. ಅವಳು ನನ್ನ ಕುರ್ಚಿಯಲ್ಲಿ ಕೂತಳು.

ಸ್ವಲ್ಪ ಹೊತ್ತಿಗೆ ದನಿ ಬಂತು. “ಅಮ್ಮಾ, ಆ ರಿಕ್ವೈರ್ಡ್ ಅನ್ನೋದು ಏನ್ ನೋಡ್ತದೆ?”

“ಖಾಲಿ ಐತಾ ಇಲ್ವಾ ಅಂತ. ಅಷ್ಟೇ.”

“ಎಸ್ರು ಗಂಡಸ್ರದಾ ಹೆಂಗಸ್ರದಾ ನೋಡಲ್ವಾ?”

“ಅದ್ಕೇನ್ ಗೊತ್ತಾಯ್ತದೆ? ನೋಡಲ್ಲ.”

ಕೀಲಿಗಳ ಸದ್ದು ಕೇಳಿಸಿತು. ನನ್ನ ಕೈಯಲ್ಲಿದ್ದ ಫೋನು ಟಿಂಗ್ ಅಂದಿತು. ನೋಡಿದರೆ ಕಾಲೇಜಿನ ಒಟಿಪಿ. ಓಡಿಹೋಗಿ ಪರದೆ ನೋಡಿದೆ. ತಂದೆಯ ಹೆಸರಿನ ಮುಂದೆ ನನ್ನ ಹೆಸರು, ಇನಿಷಿಯಲ್ ಸಮೇತ. ಉದ್ಯೋಗ: ಆನ್‌ಲೈನ್ ಸೆಂಟರಿನಲ್ಲಿ ಕೆಲಸ. ಮೊಬೈಲ್ ನಂದು.

“ಇದ್ರಲ್ಲಿ ಯಾವ್ದಮ್ಮ ಸುಳ್ಳು? ಬೇಗ ನಂಬರ್ ಓದು,” ಅಂದಳು, ನನ್ನ ಮುಖ ನೋಡದೆ. ಒಂದೊಂದೇ ಅಂಕಿ ಓದಿದೆ. ಅರ್ಜಿ ಹೋಯಿತು, ವಾಪಸು ಬರಲಿಲ್ಲ.

ಆಮೇಲಿನ ಭಾನುವಾರ ಅಕ್ಕನಿಗೆ ಹೇಳಿದರೆ ಅವರು ಚಹಾ ಲೋಟ ಕೆಳಗಿಟ್ಟು, “ಇದನ್ನ ನಾ ಕಲಿಸಿಲ್ರಿ,” ಅಂದರು. ನಾವು ಆವತ್ತು ಶುರು ಮಾಡಿದ್ದು ನಮ್ಮದೇ ಒಂದು ಅರ್ಜಿ ಪೇಜು. ಅದರಲ್ಲಿ ‘ನಿಮ್ಮನ್ನು ನೋಡಿಕೊಳ್ಳುವವರು’ ಅಂತ ಒಂದು ಖಾನೆ ಇದೆ, ಸ್ಟಾರ್ ಇಲ್ಲ. ಅದು ಈಗಲೂ ಮುಗಿದಿಲ್ಲ.

ಆ ವಾರವೇ ಒಂದು ಬೆಳಿಗ್ಗೆ ಅಂಗಡಿ ತುಂಬ ಜನ. ಸ್ಟೂಲಿನ ಮೇಲೆ ಪಿಂಚಣಿಯ ಅಜ್ಜಿ ಕೂತಿದ್ದರು. ಫೋನು ಬಂತು. ಕಾಲೇಜಿನ ಅದೇ ದನಿ, ಮಗಳ ಹೆಸರು ಹೇಳಿ ಕೇಳಿತು.

“ಅವರ ಫಾದರ್ ಮಾತಾಡ್ತಿರೋದಾ?”

“ಔದು ಸಾರ್.”

“ಅಲ್ಲಮ್ಮ, ನಾನ್ ಫಾದರ್ ಕೇಳಿದ್ದು.”

ಮಾಲೀಕರು, ಅಜ್ಜಿ, ಸಾಲಿನಲ್ಲಿ ನಿಂತವರು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ದನಿ ತಗ್ಗಿಸಲಿಲ್ಲ.

“ಕೇಳುಸ್ತು ಸಾರ್. ನಾನೇ ಅಂದ್ನಲ್ಲ. ಸೀಟ್ ಆಯ್ತಾ, ಅದ್ ಏಳಿ.”

“ಆಯ್ತು,” ಅಂದಿತು ದನಿ. “ಸೋಮವಾರ ಬನ್ನಿ.”