ಊಟದ ಕೋಣೆಯ ಕೆರೆ

“ಫ್ರಾನ್ಸಿನ ಆ ಇಂಪ್ರೆಷನಿಸ್ಟ್ ಚಿತ್ರಗಾರರಿಗೆಲ್ಲ ದೃಷ್ಟಿದೋಷವಿತ್ತು, ಅವರ ಚಿತ್ರಗಳು ಮಸುಕಾಗಿರುವುದು ಆದ್ದರಿಂದಲೇ” ಎಂದು ತಿಳಿದವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಬ್ಬಿಬ್ಬರಿಗೆ ಪೊರೆ ಬಂದಿದ್ದೀತು. ಇಡೀ ತಲೆಮಾರಿಗೇ ಬಂದಿತೆಂದರೆ ಅದು ಕಲಾವಿಮರ್ಶೆಯಲ್ಲ, ಸಾಂಕ್ರಾಮಿಕ ರೋಗದ ವರದಿ. ಶಾಲೆಯನ್ನು ಬೇಗ ಬಿಟ್ಟು ಗ್ರಂಥಾಲಯದ ಬೆಂಚಿನ ಮೇಲೆ ಕಲಿತ ನನಗೆ, ಕೇಳಿದ್ದನ್ನೆಲ್ಲ ನಂಬುವ ಶಿಸ್ತು ಬರಲೇ ಇಲ್ಲ.

ತುಮಕೂರಿನ ನಮ್ಮ ಮನೆಯ ಊಟದ ಕೋಣೆಯಲ್ಲಿ ಅಂಥದೊಂದು ಚಿತ್ರವಿದೆ: ನೀರು, ನೈದಿಲೆ, ಎಲ್ಲೆಲ್ಲೂ ನೇರಳೆ ಬೆಳಕು. ಹಳೆಯ ಕ್ಯಾಲೆಂಡರಿನ ಹಾಳೆ; ಗುಬ್ಬಿಯಲ್ಲಿ ಕಟ್ಟು ಹಾಕಿಸಿದೆ. ದೇವರನ್ನೂ ತೀರಿಕೊಂಡವರನ್ನೂ ಕಟ್ಟಿಯೇ ರೂಢಿಯಿದ್ದ ಅಂಗಡಿಯವರು ಅಭ್ಯಾಸಬಲದಿಂದ ಹಾರಕ್ಕೆಂದು ಎರಡು ಕೊಕ್ಕೆಗಳನ್ನೂ ಜಡಿದರು. ಬಂದ ನೆಂಟರೊಬ್ಬರು ಕೈಮುಗಿದು, “ಯಾವ್ ಕ್ಷೇತ್ರದ ಕಲ್ಯಾಣಿ ಸ್ವಾಮಿ ಇದು?” ಎಂದರು.

ನನ್ನ ಹೆಂಡತಿ ಕುಣಿಗಲ್ಲಿನವಳು. ಅವಳಿಗೆ ಅದು ತವರಿನ ಕೆರೆ. ಚಿತ್ರ ಮನೆಗೆ ಬರುವ ಮೊದಲೇ ಅವಳ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಹೆದರಿ ಮುಂದೂಡುತ್ತಲೇ ಇದ್ದವಳು ಒಂದು ದಿನ, “ಆಗೋಗ್ಲಿ ಬಿಡಿ ಅತ್ಲಾಗೆ. ಈ ಕೆರೇನಾದ್ರೂ ನಿಚ್ಚಳವಾಗಿ ನೋಡ್ತೀನಿ” ಎಂದಳು. ಮಸುಕು ಚಿತ್ರದ್ದೇ ಎಂದು ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಪಟ್ಟಿ ಬಿಚ್ಚಿಸಿಕೊಂಡು ಬಂದವಳು ಕಪ್ಪು ಕನ್ನಡಕ ತೆಗೆದು ನೇರವಾಗಿ ಚಿತ್ರದೆದುರು ನಿಂತಳು. ಮುಖ ಬಾಡಿತು. “ರೀ, ಕಣ್ಣು ಹೋಯ್ತು ಕಣ್ರೀ. ಹಂಗೇ ಮಂಜು ಮಂಜಾಗೈತೆ.”

ನಾನು ಒಳಗೆ ಹೋಗಿ, ಅಡುಗೆಗೆಂದು ನಾನೇ ಆರಿಸಿಟ್ಟಿದ್ದ ಅಕ್ಕಿಯ ಮೊರವನ್ನು ಅವಳ ಮುಂದೆ ಹಿಡಿದೆ.

“ಅಯ್ಯೋ ಶಿವನೇ! ಇಷ್ಟೊಂದು ಹುಳಾನಾ? ಇಷ್ಟ್ ದಿನ ಇದನ್ನೇ ಬೇಯಿಸಿ ಹಾಕಿದ್ರಾ ನಂಗೆ?”

“ಕಣ್ಣು ನೆಟ್ಟಗಿದೆ ಕಣೇ. ಚಿತ್ರ ಇರೋದೇ ಹಾಗೆ.”

ಅವಳು ನನ್ನನ್ನೂ ಚಿತ್ರವನ್ನೂ ಸರದಿಯಂತೆ ದುರುಗುಟ್ಟಿ ನೋಡಿ, ಕೊನೆಗೆ ನಕ್ಕುಬಿಟ್ಟಳು. ಇಳಿಸಿಬಿಡಲೇ ಎಂದು ಕೇಳಿದೆ.

“ಇರ್ಲಿ ಬುಡಿ. ಬೆಳಗ್ಗೆ ಹೊತ್ತು ಕೆರೆ ಮೇಲೆ ಮಂಜು ಕೂತಿರ್ತದಲ್ಲ, ಅದನ್ನೇ ಬರ್ದವ್ನೆ ಅವ್ನು. ನಿಮ್ಮಂಗೆ ಅಕ್ಕಿ ಆರಿಸ್ದೋನಲ್ಲ.”

ಎಂದೋ ಎಲ್ಲೋ ಕುಂಚ ಹಿಡಿದ ಆ ಪುಣ್ಯಾತ್ಮನಿಗೆ ನಾನು ದಿನವೂ ಊಟಕ್ಕೆ ಕೂರುವಾಗ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ; ಆಪರೇಷನ್ನಿಗೆ ನನ್ನ ಮಾತು ಒಪ್ಪಿಸಲಾರದವಳನ್ನು ಅವನ ಮಸುಕು ಒಪ್ಪಿಸಿತು. ಅವನ ಕಣ್ಣಿನ ಮೇಲೆ ಇನ್ನೂ ಅನುಮಾನವಿರುವವರು ಚಳಿಗಾಲದ ಒಂದು ಬೆಳಿಗ್ಗೆ, ಒಳ್ಳೆಯ ಕಣ್ಣುಗಳೊಂದಿಗೆ, ಕುಣಿಗಲ್ ಕೆರೆಯ ಏರಿಯ ಮೇಲೆ ಹೋಗಿ ನಿಲ್ಲಲಿ.